ಒಪ್ಪಿಸಿಕೊಟ್ಟ ರಾಜ್ಯ

ರೀಜೆಂಟ್ ಎಂಬುದಕ್ಕೆ ಕನ್ನಡದಲ್ಲಿ ರಾಜಪ್ರತಿನಿಧಿ ಎನ್ನುತ್ತೇವೆ. ವೈಸರಾಯ್‌ಗೂ ಅದೇ ಮಾತು. ಆದರೆ ವೈಸರಾಯ್ ದೂರದ ಅರಸನ ಅಪ್ಪಣೆ ನಡೆಸುವವನು. ರೀಜೆಂಟ್, ಅಪ್ಪಣೆ ಕೊಡಲಾಗದ ಅರಸನ ಪರವಾಗಿ ತಾನೇ ತೀರ್ಮಾನಿಸಬೇಕಾದವನು. ಇಂಗ್ಲೆಂಡಿನಲ್ಲಿ ಮೂರನೇ ಜಾರ್ಜ್‌ಗೆ ಬುದ್ಧಿ ಕದಡಿದಾಗ, 1811ರಲ್ಲಿ, ಮಗ ರೀಜೆಂಟನಾದ. ಹಂಗೆರಿಯಲ್ಲಿ ಹೋರ್ತಿ ಎಂಬ ಸೇನಾನಿ ರಾಜನೇ ಇಲ್ಲದ ರಾಜ್ಯವನ್ನು ಆ ಹೆಸರಿನಲ್ಲೇ 24 ವರ್ಷ ಆಳಿದ. ಒಪ್ಪಿಸಿಕೊಡಲು ಯಾರೂ ಇಲ್ಲದವನನ್ನು ರೀಜೆಂಟ್ ಎನ್ನಲು ನನಗೆ ಮನಸ್ಸು ಬಾರದು.

ಮೈಸೂರು ರೀಜೆಂಟರ ಆಳ್ವಿಕೆಯನ್ನು ಎರಡು ಸಲ ಕಂಡಿದೆ. 1799ರಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜರ ಪರವಾಗಿ ದಿವಾನ್ ಪೂರ್ಣಯ್ಯ ಆಳಿದರು. ಆಡಳಿತ ಬಿಗಿಯಾಗಿತ್ತು. ಆದರೆ ಬಾಲಕನನ್ನು ರಾಜ್ಯಭಾರಕ್ಕೆ ಅಣಿಗೊಳಿಸುವ ಕೆಲಸ ಅಷ್ಟೇ ಶ್ರದ್ಧೆಯಿಂದ ನಡೆಯಲಿಲ್ಲವೆಂದು ನನಗನ್ನಿಸುತ್ತದೆ. ಆ ಬಾಲಕ ಬೆಳೆದು ಆಳುತ್ತಿದ್ದಾಗ, 1831ರಲ್ಲಿ, ಬ್ರಿಟಿಷರು ಆಡಳಿತವನ್ನೇ ಕಿತ್ತುಕೊಂಡರು. ಅದರ ಹೊಣೆ ಪೂರ್ಣಯ್ಯನವರೊಬ್ಬರದಲ್ಲ, ನಿಜ.

ಎರಡನೆಯದು ವಾಣಿವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿಯವರದು. 1894ರ ಡಿಸೆಂಬರ್‌ನಲ್ಲಿ ಪತಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಗಂಟಲಮಾರಿಗೆ ಬಲಿಯಾದರು. ಮಗ ನಾಲ್ವಡಿ ಕೃಷ್ಣರಾಜರಿಗೆ ಆಗ ಹತ್ತು ವರ್ಷ. ವೈಧವ್ಯದ ದುಃಖದಲ್ಲೇ ಆಕೆ ರಾಜ್ಯ ವಹಿಸಿಕೊಂಡರು. 1897ರಲ್ಲಿ ಮಗಳ ಮದುವೆಯ ಸಂಭ್ರಮದ ನಡುವೆ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಅದೇ ವರ್ಷ ಹೊಸದರ ಕೆಲಸ ಶುರುವಾಯಿತು. ಮರುವರ್ಷ ಪ್ಲೇಗು ಬಂತು. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಕಟ್ಟೆ ಏಳತೊಡಗಿದ್ದೂ ಅದೇ ಕಾಲದಲ್ಲಿ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ್ದು 1902ರ ಜೂನ್‌ನಲ್ಲಿ.

ಇದೆಲ್ಲ ದಿವಾನ್ ಶೇಷಾದ್ರಿ ಅಯ್ಯರ್ ಅವರ ಸಾಧನೆ ಎನ್ನುವವರಿದ್ದಾರೆ. ಯೋಜನೆಗಳಲ್ಲಿ ಅವರ ಪಾಲು ದೊಡ್ಡದು. ಬ್ರಿಟಿಷ್ ರೆಸಿಡೆಂಟನ ಕಣ್ಣೂ ಸದಾ ಇತ್ತು. ಆದರೆ ಮಗನನ್ನು ದೊರೆತನಕ್ಕೆ ತಕ್ಕವನಾಗಿ ಬೆಳೆಸಿದ ಶ್ರೇಯಸ್ಸನ್ನು ನಾನು ದಿವಾನರಿಗೆ ಕೊಡಲಾರೆ. ಶಿಕ್ಷಕ ಫ್ರೇಜರ್ ಪಾಠ ಹೇಳಿರಬಹುದು. ಮನೆಯ ಶಿಸ್ತು ತಾಯಿಯದು. ರೀಜೆನ್ಸಿಯ ನಿಜವಾದ ಫಲ ಕಟ್ಟೆಗಳಲ್ಲ, ಆ ಹುಡುಗ.

ನಮ್ಮ ಪಠ್ಯಗಳು ಈ ಏಳು ವರ್ಷಗಳನ್ನು ಇಬ್ಬರು ಅರಸರ ನಡುವಿನ ಬಿಡುವಿನಂತೆ ದಾಟಿಬಿಡುತ್ತವೆ. ಮೈಸೂರಿನ ಅರಸರ ಪಟ್ಟಿ ಬರೆಯುವವರು 1895ರಿಂದ 1902ರವರೆಗಿನ ಸಾಲಿನಲ್ಲಿ ಆಕೆಯ ಹೆಸರನ್ನೂ ಬರೆಯಲಿ. 1902ರ ಆಗಸ್ಟ್ 8ರಂದು, ಮಗನಿಗೆ ಹದಿನೆಂಟು ತುಂಬಿದ ವರ್ಷವೇ, ಆಕೆ ಅಧಿಕಾರವನ್ನು ಒಪ್ಪಿಸಿಕೊಟ್ಟರು.