ಗುಲಗಂಜಿ ತೂಕದ ಕಾಫಿ

ತಿರುಮಕೂಡಲಿನ ಕ್ಷೇತ್ರಮಹಿಮೆಯನ್ನು ಹೇಳುವವರು ಅದು ಕಾಶಿಗಿಂತ ಒಂದು ಗುಲಗಂಜಿಯ ತೂಕದಷ್ಟು ಹೆಚ್ಚಿನದೆಂದು ಹೇಳುವುದು ವಾಡಿಕೆ. ಅಲ್ಲಿನ ಸ್ವಾಮಿಗೆ ಗುಂಜಾ ನರಸಿಂಹನೆಂಬ ಹೆಸರು ನಿಂತಿರುವುದೂ ಆ ಗುಲಗಂಜಿಯ ದೆಸೆಯಿಂದಲೇ. ಚಿಕ್ಕಂದಿನಲ್ಲಿ ಈ ಮಾತನ್ನು ಕೇಳಿದಾಗಲೆಲ್ಲ ನನಗೆ ಒಂದು ಬಗೆಯ ನಿರಾಶೆಯಾಗುತ್ತಿತ್ತು. ಹೆಚ್ಚಿನದೆಂದ ಮೇಲೆ ಒಂದು ಮಣವಾದರೂ ಹೆಚ್ಚಿರಬಾರದೆ, ಅಕ್ಕಸಾಲಿಯ ತಕ್ಕಡಿಯಲ್ಲಲ್ಲದೆ ಬೇರೆಲ್ಲಿಯೂ ಲೆಕ್ಕಕ್ಕೆ ಬಾರದ ಆ ಕೆಂಪು ಕಾಳಿನಷ್ಟು ಮಾತ್ರವೆ, ಎಂದು. ಹಲವು ವರ್ಷಗಳಿಂದ ಬೆಳಗಿನ ಕಾಫಿಯನ್ನು ನಾನೇ ಮಾಡಿಕೊಂಡು ಬಂದು, ಸಾವಿರ ಲೋಟ ಕೆಡಿಸಿ ಹತ್ತು ಲೋಟ ಸರಿಮಾಡಿದ ಮೇಲೆ, ಆ ಮಾತನ್ನು ಮೊದಲು ಆಡಿದವನು ರಸಜ್ಞನಾಗಿದ್ದಿರಬೇಕೆಂದು ನನಗೆ ತೋರತೊಡಗಿದೆ.

ಮನೆಗೆ ಬಂದವರು ಮೊದಲ ಗುಟುಕನ್ನು ಕುಡಿದು ತಲೆಯೆತ್ತಿ ಕೇಳುವ ಪ್ರಶ್ನೆ ಯಾವಾಗಲೂ ಒಂದೇ: "ಪುಡಿ ಯಾವ ಅಂಗಡಿಯದು?" ಅಂಗಡಿಯ ಹೆಸರನ್ನು ಹೇಳಿದರೆ ಅದನ್ನು ಗುರುತು ಹಾಕಿಕೊಂಡು ಹೋಗಿ, ಅದೇ ಪುಡಿಯನ್ನು ತರಿಸಿ, ತಿಂಗಳಾದ ಮೇಲೆ ದಾರಿಯಲ್ಲಿ ಎದುರಾದಾಗ ಮುಖ ಸಣ್ಣದು ಮಾಡಿಕೊಂಡು, "ನಿಮ್ಮ ಮನೆಯ ಹಾಗೆ ಬರಲಿಲ್ಲ" ಎನ್ನುತ್ತಾರೆ. ಎಷ್ಟು ಪುಡಿಗೆ ಎಷ್ಟು ನೀರು ಎಂದು ಇಷ್ಟು ವರ್ಷಗಳಲ್ಲಿ ಕೇಳಿದವರು ಇಬ್ಬರೋ ಮೂವರೋ. ಅವರಲ್ಲಿ ಒಬ್ಬರು ಅಕ್ಕಸಾಲಿಗಳು.

ಹಾಗೆಂದು ಪುಡಿ ಯಾವುದಾದರೂ ಸರಿ ಎಂದೇನೂ ಅಲ್ಲ. ಈ ವಿಷಯದಲ್ಲಿ ನಮ್ಮ ಸೀಮೆಯವರಿಗೆ ನದಿಗಳೇ ಪಾಠ ಹೇಳಿವೆ. ನಂಜನಗೂಡಿನ ದೇವಾಲಯದ ಬಳಿ ಹರಿಯುವ ಕಪಿಲೆ ಹುಟ್ಟುವುದು ವಯನಾಡಿನ ಬೆಟ್ಟಗಳಲ್ಲಿ. ತಿರುಮಕೂಡಲಿನಲ್ಲಿ ಅವಳು ಕೂಡಿಕೊಳ್ಳುವ ಕಾವೇರಿ ಇಳಿದು ಬರುವುದು ಕೊಡಗಿನಿಂದ. ಎರಡೂ ಕಾಫಿಯ ನಾಡುಗಳೇ. ವಯನಾಡಿನ ರೋಬಸ್ಟಾಕ್ಕೂ ಕೊಡಗಿನ ಅರೇಬಿಕಾಕ್ಕೂ 2019ರಲ್ಲಿ ಒಟ್ಟಿಗೇ ಭೌಗೋಳಿಕ ಸೂಚಕದ ಮನ್ನಣೆ ದೊರೆತ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ, ನದಿಗಳು ಎಂದಿನಿಂದಲೋ ಮಾಡಿಕೊಂಡು ಬಂದಿರುವ ಬೆರಕೆಗೆ ಸರ್ಕಾರವು ಈಗ ಮೊಹರು ಹಾಕಿತೆಂದು ನಾನು ನಕ್ಕದ್ದುಂಟು. ಅರೇಬಿಕಾದಲ್ಲಿ ಪರಿಮಳವೂ, ನಾಲಗೆಯ ಅಂಚನ್ನು ಸೋಕಿ ಮಾಯವಾಗುವ ಹಿತವಾದ ಹುಳಿಯೂ ಉಂಟು. ರೋಬಸ್ಟಾದಲ್ಲಿ ಕಹಿ ಹೆಚ್ಚು, ಮೈಕಟ್ಟು ಹೆಚ್ಚು, ಕೆಫೀನಂತೂ ಸರಿಸುಮಾರು ಇಮ್ಮಡಿ. ಬರಿಯ ಅರೇಬಿಕಾ ನಮ್ಮ ಹಾಲು ಸಕ್ಕರೆಗಳ ಭಾರದಡಿಯಲ್ಲಿ ದನಿಯಡಗಿ ಹೋಗುತ್ತದೆ. ಬರಿಯ ರೋಬಸ್ಟಾ ಪಂಚಾಯಿತಿಯಲ್ಲಿ ಗಟ್ಟಿಯಾಗಿ ಮಾತಾಡುವವನ ಹಾಗೆ ಬೇರೆ ಯಾರ ದನಿಯನ್ನೂ ಕೇಳಿಸಗೊಡುವುದಿಲ್ಲ. ಮೂರು ಪಾಲು ಅರೇಬಿಕಾ, ಒಂದು ಪಾಲು ರೋಬಸ್ಟಾ ಎಂಬುದು ನನ್ನ ಲೆಕ್ಕ. ಆ ಮೂರು ಪಾಲಿನಲ್ಲಿ ಅರ್ಧ ಪ್ಲಾಂಟೇಷನ್ ಎ, ಅರ್ಧ ಪೀಬೆರ್ರಿ. ಪೀಬೆರ್ರಿ ಎಂದರೆ, ಹಣ್ಣಿನೊಳಗೆ ಜೋಡಿಯಾಗಿ ಬೆಳೆದು ಒಂದು ಮಗ್ಗುಲು ಚಪ್ಪಟೆಯಾಗಬೇಕಾಗಿದ್ದ ಎರಡು ಬೀಜಗಳ ಬದಲು ಒಂಟಿಯಾಗಿ ಬೆಳೆದು ದುಂಡಗಾದ ಬೀಜ; ಹುರಿಯುವ ಉರುಳೆಯಲ್ಲಿ ಅದು ಸಲೀಸಾಗಿ ಹೊರಳುವುದನ್ನು ನೋಡುವುದೇ ಒಂದು ಸಂತೋಷ.

ತಿರುಮಕೂಡಲು ತ್ರಿವೇಣಿ, ಕಪಿಲೆ ಕಾವೇರಿಯರೊಡನೆ ಸ್ಫಟಿಕಸರೋವರವೆಂಬ ಮೂರನೆಯದು ಗುಪ್ತವಾಗಿ ಬಂದು ಸೇರುತ್ತದೆಂಬ ನಂಬಿಕೆಯುಂಟು. ಶ್ರದ್ಧಾಳುಗಳು ಉಪಮಾನವನ್ನು ಮನ್ನಿಸುವುದಾದರೆ, ನಮ್ಮ ಪುಡಿಯಲ್ಲಿಯೂ ಕಣ್ಣಿಗೆ ಬೀಳದ ಮೂರನೆಯದೊಂದು ಉಂಟು ಎನ್ನುತ್ತೇನೆ, ಅದೇ ಚಿಕೋರಿ. ಅದು ಬೀಜವಲ್ಲ, ಬೇರು. ಒಣಗಿಸಿ ಹುರಿದು ಪುಡಿಮಾಡಿದ ಬೇರು. ಕೆಫೀನು ಅದರಲ್ಲಿ ಲೇಶವೂ ಇಲ್ಲ. ಆದರೆ ಅದರ ಸಾರ ನೀರಿನಲ್ಲಿ ಕಾಫಿಗಿಂತ ಧಾರಾಳವಾಗಿ ಕರಗುವುದರಿಂದ ಡಿಕಾಕ್ಷನ್ನಿಗೆ ಬಣ್ಣವನ್ನೂ ಮಂದತೆಯನ್ನೂ ತಂದುಕೊಟ್ಟು, ಕಡಿಮೆ ಪುಡಿಯಲ್ಲಿ ಹೆಚ್ಚು ಲೋಟ ತುಂಬಿಸಬೇಕಾದ ಗೃಹಿಣಿಯ ಮಾನವನ್ನು ಅದು ಎಷ್ಟೋ ಸಲ ಕಾಪಾಡಿದೆ. ನಾನು ಅದರ ಶತ್ರುವಲ್ಲ. ನೂರಕ್ಕೆ ಹತ್ತು, ಬಹಳವೆಂದರೆ ಹದಿನೈದು ಪಾಲಿದ್ದರೆ ಹಾಲಿನ ಕಾಫಿಗೆ ಒಂದು ದುಂಡುತನ ಬರುತ್ತದೆ. ಕಾಯಿದೆಯಾದರೋ, ಬೆರಕೆಯಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆಯಿರಕೂಡದೆಂದು ಮಾತ್ರ ಹೇಳಿ ಉಳಿದ 49ನ್ನು ಚಿಕೋರಿಗೆ ಬಿಟ್ಟುಕೊಟ್ಟಿದೆ. ಪೊಟ್ಟಣದ ಮೇಲೆ ಈ ಅಂಕಿಗಳನ್ನು ಅಚ್ಚು ಹಾಕಿಯೇ ಇರುತ್ತಾರೆ. ಕೊಳ್ಳುವವರು ಬೆಲೆಯನ್ನು ಓದಿದಷ್ಟು ಶ್ರದ್ಧೆಯಿಂದ ಅದನ್ನೂ ಓದಿದರೆ, ತಾವು ಇಷ್ಟು ದಿನ ಕಾಫಿಯೆಂದು ಕುಡಿದದ್ದರಲ್ಲಿ ಬೇರಿನ ಪಾಲೆಷ್ಟೆಂಬುದು ತಿಳಿದೀತು.

ಪುಡಿಯ ಮಾತು ಬಂದಾಗ ನಂಜನಗೂಡಿನವನು ಇನ್ನೊಂದು ಪುಡಿಯನ್ನು ಮರೆತಂತೆ ನಟಿಸಲಾಗದು. ತಿರುಮಕೂಡಲಿನಲ್ಲಿ ಮೂರು ವರ್ಷಕ್ಕೊಮ್ಮೆ ನೆರೆಯುವ ಕುಂಭಮೇಳ ಆರಂಭವಾದದ್ದು 1989ರಲ್ಲಿ. ನಂಜನಗೂಡಿನಲ್ಲಿ ನೆಸ್ಲೆಯವರ ಇನ್‌ಸ್ಟಂಟ್ ಕಾಫಿಯ ಕಾರ್ಖಾನೆ ನೆಲೆಗೊಂಡದ್ದೂ ಅದೇ ವರ್ಷ. ಅಲ್ಲಿ ಕುಂಭ, ಇಲ್ಲಿ ಸೀಸೆ. ಬ್ರೆಜಿಲ್ ದೇಶದಲ್ಲಿ ಕಾಫಿ ಮಾರಾಟವಾಗದೆ ರಾಶಿ ಬಿದ್ದಿದ್ದ ಕಾಲದಲ್ಲಿ ಅದನ್ನು ಕೆಡದಂತೆ ಇರಿಸುವ ಉಪಾಯವನ್ನು ಹುಡುಕಹೊರಟು, ಹಲವು ವರ್ಷ ಹೆಣಗಿ, 1938ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹೊರತಂದ ವಸ್ತು ಅದು. ಡಿಕಾಕ್ಷನ್ನನ್ನು ಕಾರ್ಖಾನೆಯಲ್ಲಿಯೇ ಇಳಿಸಿ, ಬಿಸಿಗಾಳಿಯಲ್ಲಿ ಸಿಂಪಡಿಸಿಯೋ ಹೆಪ್ಪುಗಟ್ಟಿಸಿಯೋ ಅದರ ನೀರನ್ನು ತೆಗೆದುಬಿಟ್ಟರೆ ಉಳಿಯುವುದೇ ಈ ಪುಡಿ. ನೀರಿನ ಜೊತೆಗೆ ಪರಿಮಳದ ಬಹುಭಾಗವೂ ಹೊರಟುಹೋಗುವುದು ಆ ವಿಧಾನದ ಸ್ವಭಾವವೇ ಹೊರತು ಯಾರ ತಪ್ಪೂ ಅಲ್ಲ. ರೈಲಿನಲ್ಲಿ ಹೋಗುವವನಿಗೂ, ನಡುರಾತ್ರಿ ಪರೀಕ್ಷೆಗೆ ಓದುವ ಹುಡುಗನಿಗೂ ಅದು ಉಪಕಾರಿ. ಆದರೆ ಬೆಳಗಿನ ಹೊತ್ತು ಮನೆಯಲ್ಲಿ, ಕಾಲು ಗಂಟೆ ಬಿಡುವಿರುವವನು ಅದನ್ನೇ ಕುಡಿಯುವುದು ಜಾತ್ರೆಗೆ ಬಂದು ತೇರನ್ನು ಚಿತ್ರಪಟದಲ್ಲಿ ನೋಡಿಕೊಂಡು ಹೋದಂತೆ.

ಇಷ್ಟಾಗಿಯೂ ಕೆಟ್ಟ ಕಾಫಿಗೆ ಕಾರಣ ಬಹುಮಟ್ಟಿಗೆ ಹಳೆಯ ಪುಡಿ. ಹಾಲಾಹಲವನ್ನು ಕಂಠದಲ್ಲಿ ತಡೆದವನ ಊರು ನಮ್ಮದು. ಆ ಸಂಪ್ರದಾಯವನ್ನು ಬಿಡಬಾರದೆಂದು ನಾನೂ ನೆಂಟರ ಮನೆಗಳಲ್ಲಿ, ಮದುವೆಯ ಛತ್ರಗಳಲ್ಲಿ ಎಷ್ಟೋ ಲೋಟಗಳನ್ನು ಕಂಠದಲ್ಲಿಯೇ ನಿಲ್ಲಿಸಿಕೊಂಡದ್ದುಂಟು. ವಿಚಾರಿಸಿದರೆ, ಎರಡು ತಿಂಗಳ ಹಿಂದೆ ಮೈಸೂರಿನಿಂದ ಒಂದು ಕಿಲೋ ಒಟ್ಟಿಗೆ ತಂದದ್ದು ಎಂಬ ಉತ್ತರ. ಹುರಿದ ಬೀಜ ಎರಡು ಮೂರು ವಾರ ತನ್ನ ಗುಣವನ್ನು ಹಿಡಿದುಕೊಂಡಿದ್ದೀತು. ಪುಡಿಯಾದರೆ ಗಾಳಿಗೆ ಸಾವಿರ ಬಾಗಿಲು ತೆರೆದಂತಾಗಿ ಪರಿಮಳ ವಾರದೊಳಗೆ ಹಾರಿಹೋಗಿ, ಎಣ್ಣೆಯಂಶ ಮುಗ್ಗುತ್ತದೆ. ಬೀಜವನ್ನು ಹುರಿದು ಪುಡಿಮಾಡಿಕೊಡುವ ಅಂಗಡಿಯಿಂದ ನೂರು ಗ್ರಾಮಿನಂತೆ ತನ್ನಿ; ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿಡಿ; ಬೆಂಕಿಯ ಮಗ್ಗುಲಲ್ಲಿ ಇಡಬೇಡಿ. ಮನೆಯಲ್ಲಿ ಕೈಮಿಲ್ಲು ಇದ್ದವರು ಭಾಗ್ಯವಂತರು. ಅಂದಂದಿನದನ್ನು ಅಂದಂದೇ ಪುಡಿಮಾಡಿಕೊಳ್ಳಬಹುದು.

ಇನ್ನು ತೂಕ. ಬ್ರಿಟಿಷರ ಕಾಲದ ಅಳತೆಯಲ್ಲಿ ತೊಲಕ್ಕೆ 96 ಗುಲಗಂಜಿ. ನಾಲ್ಕು ಲೋಟ ಕಾಫಿಗೆ ಎರಡೂವರೆ ತೊಲ ಪುಡಿ ಬೇಕು. ಎಂದರೆ 240 ಗುಲಗಂಜಿ, ಈಗಿನ ಲೆಕ್ಕದಲ್ಲಿ 29 ಗ್ರಾಮು. ಅದಕ್ಕೆ 160 ಮಿಲಿಲೀಟರ್ ನೀರು. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ತಾನೇ ಕುಡಿದು ಕುಳಿತುಬಿಡುವುದರಿಂದ ಕೆಳಗಿಳಿಯುವುದು ಸುಮಾರು ನೂರು ಮಿಲಿಲೀಟರ್. ಲೋಟಕ್ಕೆ ಅದರ ಕಾಲು ಭಾಗ, ಮೇಲೆ ನೂರು ಮಿಲಿಲೀಟರ್ ಹಾಲು. ಒಂದು ಗುಲಗಂಜಿ ಹೆಚ್ಚುಕಡಿಮೆಯಾದರೆ ನನ್ನ ನಾಲಗೆ ಕಂಡುಹಿಡಿಯುತ್ತದೆಂದು ಹೇಳಿದರೆ ಜಂಬವಾದೀತು. ಇಪ್ಪತ್ತಾದರೆ ಯಾರ ನಾಲಗೆಗಾದರೂ ತಿಳಿಯುತ್ತದೆ. ಮತ್ತು ಚಮಚದಿಂದ ಅಳೆಯುವ ಮನೆಗಳಲ್ಲಿ, ಒಬ್ಬರ ಕೈಯ ಗೋಪುರದ ಚಮಚಕ್ಕೂ ಇನ್ನೊಬ್ಬರ ಕೈಯ ತಗ್ಗು ಚಮಚಕ್ಕೂ ಆಗುವ ಅಂತರ ಇಪ್ಪತ್ತನ್ನು ಬಹಳ ಬೇಗ ದಾಟುತ್ತದೆ. ನಿನ್ನೆ ಚೆನ್ನಾಗಿದ್ದ ಕಾಫಿ ಈ ದಿನ ಏಕೆ ಕೆಟ್ಟಿತೆಂದು ಹಾಲಿನವನನ್ನು ಬೈಯುವ ಮೊದಲು ಒಂದು ಸಣ್ಣ ತಕ್ಕಡಿಯನ್ನು ಕೊಳ್ಳುವುದು ಲೇಸು.

ಪುಡಿ ತೀರ ಹಿಟ್ಟಿನಂತಿರಬಾರದು, ರವೆಯಂತೆಯೂ ಇರಬಾರದು. ಬೆರಳುಗಳ ನಡುವೆ ಉಜ್ಜಿದರೆ ಸಣ್ಣ ತರಿ ತಿಳಿಯಬೇಕು. ಫಿಲ್ಟರಿನ ಮೇಲಿನ ಪಾತ್ರೆಗೆ ಅದನ್ನು ಹಾಕಿ, ಹಿಡಿಯುಳ್ಳ ಬಿಲ್ಲೆಯಿಂದ ಮೆಲ್ಲಗೆ ಅದುಮಿ, ಮೊದಲು ಮೂರು ನಾಲ್ಕು ಚಮಚ ಬಿಸಿನೀರನ್ನಷ್ಟೇ ಸುತ್ತಲೂ ಹನಿಸಿ ಅರ್ಧ ನಿಮಿಷ ಸುಮ್ಮನಿರಬೇಕು. ಹುರಿಯುವಾಗ ಬೀಜದೊಳಗೆ ಸಿಕ್ಕಿಕೊಂಡಿದ್ದ ಅಂಗಾರಾಮ್ಲ ಅನಿಲ ಆಗ ಹೊರಟು, ಪುಡಿ ಉಸಿರೆಳೆದುಕೊಂಡಂತೆ ಉಬ್ಬುತ್ತದೆ. ಉಬ್ಬದಿದ್ದರೆ ಪುಡಿಗೆ ವಯಸ್ಸಾಗಿದೆಯೆಂದು ತಿಳಿಯಬೇಕು. ಆಮೇಲೆ ಉಳಿದ ನೀರು. ಕೊತಕೊತ ಕುದಿಯುವ ನೀರು ಕಹಿಯನ್ನು ಎಳೆದು ತರುತ್ತದೆಂದು ಬಲ್ಲವರು ಹೇಳುವುದು ನಿಜವಾದರೂ, ನಂಜನಗೂಡು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿರುವುದರಿಂದ ನಮ್ಮಲ್ಲಿ ನೀರು 98 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಒಲೆಯಿಂದ ಇಳಿಸಿ ಒಂದು ನಿಮಿಷ ತಾಳಿದರೆ ಹದಕ್ಕೆ ಬರುತ್ತದೆ. ಇಪ್ಪತ್ತು ನಿಮಿಷದಲ್ಲಿ ಇಳಿದರೆ ಸರಿ. ಐದೇ ನಿಮಿಷಕ್ಕೆ ಸುರಿದುಹೋದರೆ ಪುಡಿ ದಪ್ಪ. ಗಂಟೆಯಾದರೂ ತೊಟ್ಟಿಕ್ಕುತ್ತಿದ್ದರೆ ತೀರ ನುಣ್ಣಗೆ, ಇಲ್ಲವೆ ಚಿಕೋರಿ ಹೆಚ್ಚು. ಆಗ ಅವಸರಪಟ್ಟು ಫಿಲ್ಟರಿನ ತಲೆಗೆ ಕುಟ್ಟುವ ಅಭ್ಯಾಸ ಅನೇಕರಿಗುಂಟು. ಅದರಿಂದ ಡಿಕಾಕ್ಷನ್ನಿಗೆ ಗಸಿ ಇಳಿಯುವುದೇ ಹೊರತು ಬೇರೇನೂ ಆಗದು. ತೂತು ಕಟ್ಟಿದ್ದರೆ ಉಕ್ಕಿನ ಫಿಲ್ಟರಿನ ತಳವನ್ನು ಬೆಂಕಿಯ ಮೇಲೆ ಹಿಡಿದು, ಸಿಕ್ಕಿಕೊಂಡದ್ದನ್ನು ಸುಟ್ಟು ತೊಳೆಯಿರಿ.

ನೀರಿನ ವಿಷಯಕ್ಕೆ ಬಂದರೆ ನನ್ನ ಸೋದರತ್ತೆಯನ್ನು ನೆನೆಯದೆ ಮುಂದೆ ಹೋಗಲಾರೆ. ತಿರುಮಕೂಡಲಿನ ಅವರ ಮನೆಯ ಹಿತ್ತಿಲಲ್ಲಿ ಬಾವಿಯಿತ್ತು. ಆದರೂ ಕಾಫಿಗೆ ಮಾತ್ರ ಹೊಳೆಯಿಂದ ತಾಮ್ರದ ಕೊಡದಲ್ಲಿ ನೀರು ಬರಬೇಕು. ಅದನ್ನು ಮಡಿಯ ಹಟವೆಂದು ನಾವು ಹುಡುಗರು ಆಡಿಕೊಳ್ಳುತ್ತಿದ್ದೆವು. ಸುಣ್ಣದಂಶದ ಗಡಸು ನೀರು ಕಾಫಿಯ ನಯವಾದ ಹುಳಿಯನ್ನೆಲ್ಲ ಕೊಂದು ಸಪ್ಪೆ ಮಾಡುತ್ತದೆಂಬ ರಸಾಯನಶಾಸ್ತ್ರ ನನಗೆ ತಿಳಿದದ್ದು ಬಹಳ ತಡವಾಗಿ. ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಹೊರೆ ಕಟ್ಟುವ ಕೊಳವೆಬಾವಿಯ ನೀರನ್ನು ಕಾಫಿಗೆ ಬಳಸಬೇಡಿ. ಯಂತ್ರದಲ್ಲಿ ಶೋಧಿಸಿ ಲವಣವನ್ನೆಲ್ಲ ಹಿಂಡಿ ತೆಗೆದ ನೀರಿಗೂ ಕಾಫಿಯ ಸಾರವನ್ನು ಸೆಳೆಯುವ ಚೈತನ್ಯ ಸಾಲದು. ನಲ್ಲಿಯಲ್ಲಿ ಬರುವ ಹೊಳೆಯ ನೀರೇ ನಮ್ಮ ಸೀಮೆಗೆ ತಕ್ಕದ್ದು.

ಹಾಲು ಒಂದೇ ಸಲ ಉಕ್ಕಿ ಬರಬೇಕು. ಮತ್ತೆ ಮತ್ತೆ ಕಾಯಿಸಿದರೆ ಬೆಂದ ವಾಸನೆ ಬಂದು ಪರಿಮಳವನ್ನು ನುಂಗುತ್ತದೆ. ಡಿಕಾಕ್ಷನ್ನನ್ನು ಒಲೆಯ ಮೇಲಿಡುವುದು ಅಪರಾಧ. ಆರಿದ್ದರೆ ಬಿಸಿನೀರಿನ ಬಟ್ಟಲಲ್ಲಿ ಪಾತ್ರೆಯನ್ನು ನಿಲ್ಲಿಸಿ ಬೆಚ್ಚಗೆ ಮಾಡಬಹುದು. ತಿರುಮಕೂಡಲು ನರಸೀಪುರದ ಹಳ್ಳಿಗಳ ಕಡೆ ಬೆಲ್ಲದ ಕಾಫಿ ಇನ್ನೂ ಉಂಟು, ಅದೊಂದು ಬೇರೆಯೇ ರುಚಿ. ಬೆಲ್ಲದಲ್ಲಿ ಹುಳಿಯಿರುವುದರಿಂದ ಕುದಿಯುವ ಹಾಲಿಗೆ ಹಾಕಿದರೆ ಒಡೆಯುತ್ತದೆ, ಡಿಕಾಕ್ಷನ್ನಿನಲ್ಲಿ ಕರಗಿಸಿ ಆಮೇಲೆ ಸ್ವಲ್ಪ ತಣಿದ ಹಾಲನ್ನು ಬೆರಸಬೇಕು.

ಕೊನೆಯದಾಗಿ ಎರಡನೆಯ ಡಿಕಾಕ್ಷನ್. ಒಮ್ಮೆ ಇಳಿಸಿದ ಚರಟದ ಮೇಲೆ ಮತ್ತೆ ನೀರು ಸುರಿದು ತೆಗೆಯುವ ಆ ತಿಳಿಯಾದ ಕಹಿನೀರನ್ನು ಗಿಡದ ಬುಡಕ್ಕೆ ಹಾಕಬೇಕೆಂದು ಈ ಅಂಕಣದಲ್ಲಿ ಹಿಂದೊಮ್ಮೆ ಬರೆದಿದ್ದೆ. ಬರೆದ ಮೇಲೆ ನೆನಪಾಯಿತು, ನಮ್ಮತ್ತೆ ಅಷ್ಟು ವರ್ಷವೂ ಕುಡಿದದ್ದು ಅದನ್ನೇ ಎಂದು. ಮೊದಲನೆಯದು ಮಾವನವರಿಗೆ, ಬಂದವರಿಗೆ, ಗಂಡುಮಕ್ಕಳಿಗೆ; ಎರಡನೆಯದು, ಎಲ್ಲರದೂ ಆದ ಮೇಲೆ, ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು, ಅವರಿಗೆ. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಹೀಗೆಯೇ ನಡೆದುಬಂದದ್ದು.

ಹೋದ ಭಾನುವಾರ ತಕ್ಕಡಿ, ಪುಡಿಯ ಡಬ್ಬಿ, ಫಿಲ್ಟರು ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ನಂಜನಗೂಡಿನಿಂದ ನರಸೀಪುರದ ಬಸ್ಸು ಹತ್ತಿದೆ. ಅತ್ತೆಗೆ ಈಗ ಎಂಬತ್ತಾರು. ಅವರ ಒಲೆಯ ಮೇಲೆಯೇ ನೀರು ಕಾಯಿಸಿ, 240 ಗುಲಗಂಜಿಯನ್ನು ತೂಗಿ, ಮೊದಲ ಡಿಕಾಕ್ಷನ್ನಿನ ಮೊದಲ ಲೋಟವನ್ನು ಅವರ ಕೈಗೆ ಕೊಟ್ಟು ಎದುರಿಗೆ ಕುಳಿತೆ. ಸೆರಗಿನಲ್ಲಿ ಲೋಟವನ್ನು ಹಿಡಿದು, ಎರಡು ಗುಟುಕು ಕುಡಿದು, ಬಹಳ ಹೊತ್ತು ಬಾಯಲ್ಲಿಯೇ ಇಟ್ಟುಕೊಂಡಿದ್ದರು.

"ಚೆನ್ನಾಗಿದೆ ಕಣಪ್ಪ," ಎಂದರು. "ನನಗೆ ಮಾತ್ರ ಸ್ಟ್ರಾಂಗು ಜಾಸ್ತಿಯಾಯ್ತು. ಚರಟ ಚೆಲ್ಲಿಬಿಟ್ಟೆಯೋ, ಇದೆಯೋ?"

ಇತ್ತು. ನೀರನ್ನು ಮತ್ತೆ ಒಲೆಯ ಮೇಲಿಟ್ಟೆ.