ಅಮಲನ ಕಾಯಿಲೆ

ರವೀಂದ್ರನಾಥ ಠಾಕೂರರ ‘ಡಾಕ್‌ಘರ್’ ನಾಟಕವನ್ನು ಪಾಠ ಹೇಳುವಾಗಲೆಲ್ಲ ನಾನು ಅಮಲನನ್ನು ಜೀವಾತ್ಮನೆಂದೂ, ಕಾಗದ ಕಳುಹಿಸುವ ಅರಸನನ್ನು ಪರಮಾತ್ಮನೆಂದೂ ವಿವರಿಸಿ ಗಂಟೆ ಮುಗಿಸುತ್ತಿದ್ದೆ. ನನ್ನ ಗುರುಗಳು ಹಾಗೆ ಹೇಳಿದ್ದರು. ನನ್ನ ವಿದ್ಯಾರ್ಥಿಗಳೂ ಹಾಗೆಯೇ ಬರೆದು ತೇರ್ಗಡೆಯಾದರು. ಕಳೆದ ವರ್ಷ ನನ್ನ ಅಣ್ಣನ ಮಗ, ಒಂಬತ್ತು ವರ್ಷದವನು, ರಕ್ತದ ಕ್ಯಾನ್ಸರಿನಿಂದ ಆಸ್ಪತ್ರೆ ಸೇರಿದ. ಅವನ ಮಂಚದ ಪಕ್ಕದಲ್ಲಿ ಕುಳಿತು ಅದೇ ನಾಟಕವನ್ನು ತಿರುವಿಹಾಕಿದಾಗ ಜೀವಾತ್ಮ ಎಲ್ಲಿಯೂ ಕಾಣಲಿಲ್ಲ. ಕಂಡವನು ಕಾಯಿಲೆ ಬಿದ್ದ ಒಬ್ಬ ಹುಡುಗ. ಅವನ ಸುತ್ತ ಏನು ಮಾಡಬೇಕೆಂದು ತೋಚದ ದೊಡ್ಡವರು.

ನಾಟಕ ಪ್ರಕಟವಾದದ್ದು 1912ರಲ್ಲಿ. ಅದಕ್ಕೆ ಒಂಬತ್ತು ವರ್ಷ ಹಿಂದೆ, 1903ರಲ್ಲಿ, ಕವಿ ಕ್ಷಯಪೀಡಿತಳಾದ ಮಗಳು ರೇಣುಕೆಯನ್ನು ಹವೆ ಬದಲಾವಣೆಗೆಂದು ಅಲ್ಮೋರಕ್ಕೆ ಕರೆದೊಯ್ದಿದ್ದರು. ಆ ವರ್ಷವೇ ಅವಳು ತೀರಿಕೊಂಡಳು. 1907ರಲ್ಲಿ ಮಗ ಶಮೀಂದ್ರನೂ ಹೋದ. ರೋಗಿಯ ಕೋಣೆಯನ್ನು ಕಂಡುಂಡವರ ಕೃತಿ ಇದು. ಇದನ್ನು ಬರಿಯ ವೇದಾಂತವೆಂದು ಓದುವುದು ಆ ಮಕ್ಕಳಿಗೂ ಅನ್ಯಾಯ.

ಕವಿರಾಜನು ಶಾಸ್ತ್ರವಚನಗಳನ್ನು ಉದುರಿಸುತ್ತ ಶರತ್ಕಾಲದ ಗಾಳಿ ಬಿಸಿಲುಗಳನ್ನು ನಿಷೇಧಿಸುತ್ತಾನೆ. ಸಾಕುತಂದೆ ಮಾಧವದತ್ತ ಪ್ರೀತಿಯಿಂದಲೇ ಬಾಗಿಲು ಮುಚ್ಚುತ್ತಾನೆ. ಅವನು ದುಷ್ಟನಲ್ಲ, ನಮ್ಮ ಮನೆಯವರಂತೆಯೇ ಹೆದರಿದವನು. ಮೊಸರು ಮಾರುವವನು ಏನಾಗಿದೆಯೆಂದು ಕೇಳಿದಾಗ, ತಾನು ಓದಿದವನಲ್ಲವಾದ್ದರಿಂದ ತನಗೆ ತಿಳಿಯದೆಂದು ಅಮಲ ಹೇಳುತ್ತಾನೆ. ಎಷ್ಟೋ ಸಲ ಮುಗುಳ್ನಗುತ್ತ ದಾಟಿಹೋಗಿದ್ದ ಈ ಮಾತು ಆಸ್ಪತ್ರೆಯಲ್ಲಿ ನನ್ನನ್ನು ಚುಚ್ಚಿತು. ಹುಡುಗನಿಗೆ ಯಾರೂ ಹೇಳಿಯೇ ಇಲ್ಲ! ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಎಂಬ ಮಾನವಶಾಸ್ತ್ರಜ್ಞೆ ಅಮೆರಿಕೆಯ ಆಸ್ಪತ್ರೆಯೊಂದರಲ್ಲಿ ಇದೇ ರೋಗದ ಪುಟ್ಟ ಮಕ್ಕಳೊಡನೆ ಕಾಲ ಕಳೆದು 1978ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಯಾರೂ ಹೇಳದಿದ್ದರೂ ಆ ಮಕ್ಕಳಿಗೆ ತಮ್ಮ ಸ್ಥಿತಿ ತಿಳಿದಿರುತ್ತಿತ್ತು. ಹಿರಿಯರಿಗೆ ಆ ಮಾತು ಬೇಡವೆಂದು ಅರಿತು ತಾವೂ ಸುಮ್ಮನಿರುತ್ತಿದ್ದವು ಎಂದು ಅವರು ತೋರಿಸಿಕೊಟ್ಟರು.

ಅಮಲನಿಗೆ ನಿಜವಾದ ಉಪಕಾರ ಮಾಡುವವರು ಬೀದಿಯವರು. ವ್ಯಾಪಾರವಿಲ್ಲವೆಂದು ಮೊದಲು ಸಿಡುಕಿದ ಮೊಸರಿನವನು ಆಮೇಲೆ ಹೊರೆ ಇಳಿಸಿ ನಿಲ್ಲುತ್ತಾನೆ. ಹುಡುಗ ಅವನಿಂದ ಬಯಸುವುದು ಮರುಕವನ್ನಲ್ಲ, ಮೊಸರು ಕೂಗುವ ರಾಗವನ್ನು. ಪಹರೆಯವನಂತೂ, ಕಾಲವೆಲ್ಲ ಹರಿದುಹೋಗುವ ಆ ದೇಶಕ್ಕೆ ನಾನೂ ಹೋಗುವೆನೇ ಎಂಬ ಪ್ರಶ್ನೆಗೆ ಹೌದೆಂದುಬಿಡುತ್ತಾನೆ. ಹುಡುಗ ಬೆದರುವುದಿಲ್ಲ. ಬೆದರುವವರು ನಾವು. ಮಕ್ಕಳ ವೈದ್ಯನಾಗಿದ್ದ ಯಾನುಷ್ ಕೊರ್ಚಾಕ್ 1942ರ ಜುಲೈಯಲ್ಲಿ ವಾರ್ಸಾದ ಯಹೂದಿ ಘೆಟ್ಟೋದಲ್ಲಿ ತನ್ನ ಅನಾಥಾಲಯದ ಮಕ್ಕಳಿಂದ ಆಡಿಸಲು ಆಯ್ದುಕೊಂಡದ್ದು ಈ ನಾಟಕವನ್ನೇ. ಮುಂದಿನ ತಿಂಗಳೇ ಅವನನ್ನೂ ಆ ಮಕ್ಕಳನ್ನೂ ಟ್ರೆಬ್ಲಿಂಕಾಕ್ಕೆ ಸಾಗಿಸಲಾಯಿತು.

ನನ್ನ ಆಕ್ಷೇಪಣೆಯೂ ಒಂದಿದೆ. ಅಮಲನಿಗೆ ಸಿಟ್ಟೇ ಬರುವುದಿಲ್ಲ. ನಮ್ಮ ಹುಡುಗ ಸೂಜಿಯ ಹೊತ್ತಿಗೆ ಇಡ್ಲಿಯ ತಟ್ಟೆಯನ್ನು ಎಸೆದಿದ್ದಾನೆ, ತಾಯಿಯೊಡನೆ ಎರಡು ದಿನ ಮಾತು ಬಿಟ್ಟಿದ್ದಾನೆ. ಇಷ್ಟು ಸೌಮ್ಯನಾದ ರೋಗಿ ದೊಡ್ಡವರಿಗೆ ಅನುಕೂಲವಾದವನು. ಇಲ್ಲಿ ಕವಿಯ ಲೇಖನಿ ತುಸು ಮೆತ್ತಗಾಯಿತೆಂದೇ ನನ್ನ ಅಭಿಪ್ರಾಯ. ರಾಜವೈದ್ಯ ಬಂದು ಬಾಗಿಲುಗಳನ್ನೆಲ್ಲ ತೆರೆಸುವ ಕೊನೆಯ ದೃಶ್ಯ ಚೆಲುವಾಗಿದೆ, ನಿಜ. ಆದರೆ ಆ ಬಾಗಿಲುಗಳನ್ನು ಮಾಧವದತ್ತನೇ ತೆರೆದಿದ್ದರೆ ನಾಟಕ ಇನ್ನೂ ದೊಡ್ಡದಾಗುತ್ತಿತ್ತು.

ನಾಟಕವನ್ನು ಹುಡುಗನಿಗೆ ಓದಿ ಹೇಳಿದೆ. ಕೊನೆಯ ದೃಶ್ಯಕ್ಕೆ ಧೈರ್ಯ ಸಾಲದೆ ಪುಸ್ತಕ ಮಡಿಸಿದೆ. “ಅಮಲನಿಗೆ ಏನಾಗಿತ್ತು ಚಿಕ್ಕಪ್ಪ?” ಎಂದ. ನಾಟಕದಲ್ಲಿ ಕಾಯಿಲೆಯ ಹೆಸರಿಲ್ಲವೆಂದೆ. “ನನ್ನದಕ್ಕೆ ಇದೆಯಲ್ಲ?” ಎಂದು ಅಪ್ಪನ ಕಡೆ ತಿರುಗಿದ. ಅಣ್ಣ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಹೆಸರು ಹೇಳಿದ. ಈಗ ಹುಡುಗ ರಕ್ತಪರೀಕ್ಷೆಯ ಅಂಕಿಗಳನ್ನು ದಾದಿಯಿಂದ ಕೇಳಿ ತನ್ನ ನೋಟುಪುಸ್ತಕದಲ್ಲಿ ಬರೆದಿಡುತ್ತಾನೆ. ಕೊನೆಯ ದೃಶ್ಯವನ್ನು ತಾನೇ ಓದಿಕೊಂಡನೆಂದು ಆಮೇಲೆ ತಿಳಿಯಿತು.