ಚೌಕ ಕಂಸ ಕೊಟ್ಟ ಮಾತು

ಯೂನಿಕ್ಸ್ ಕೈಪಿಡಿಯಲ್ಲಿ ಪ್ರತಿ ಆದೇಶದ ಹೆಸರಿನ ಕೆಳಗೆ ‘ಸಿನಾಪ್ಸಿಸ್’ ಎಂಬ ಭಾಗವಿರುತ್ತದೆ. 1971ರ ಮೊದಲ ಆವೃತ್ತಿಯಿಂದಲೂ ಇದೇ ಕ್ರಮ. ಅದನ್ನು ಓದಲು ಬೇಕಾದದ್ದು ಮೂರ್ನಾಲ್ಕು ಚಿಹ್ನೆಗಳ ಪರಿಚಯ ಅಷ್ಟೆ. ಚೌಕ ಕಂಸದೊಳಗಿನದನ್ನು ಬಿಡಬಹುದು, ಹೊರಗಿನದನ್ನು ಬಿಡುವಂತಿಲ್ಲ. ನಿಂತ ಗೆರೆ ಎಂದರೆ ಇದು ಅಥವಾ ಅದು. ಮೂರು ಚುಕ್ಕೆ ಕತೆಯಲ್ಲಿ ಮೌನ, ಶಾಸನಪಾಠದಲ್ಲಿ ಅಳಿದ ಅಕ್ಷರ. ಇಲ್ಲಿ ‘ಇಂಥದ್ದನ್ನೇ ಇನ್ನಷ್ಟು ಬರೆಯಬಹುದು’ ಎಂಬ ಅನುಮತಿ.

ಇಷ್ಟು ಬಿಗಿಯಾದ ಬರಹದಲ್ಲಿ ಒಂದು ಕಂಸ ಆಚೀಚೆಯಾದರೂ ಅರ್ಥ ಬದಲಾಗುತ್ತದೆ. ಫೈಲ್ ಅಳಿಸುವ ‘ಆರ್‌ಎಂ’ ಆದೇಶದ ಪಾಠಾಂತರಗಳನ್ನೇ ನೋಡಿ. 1979ರ ಏಳನೇ ಆವೃತ್ತಿಯಲ್ಲಿ ಹೀಗಿದೆ:

ಆರ್‌ಎಂ [ -ಎಫ್‌ಆರ್‌ಐ ] ಫೈಲ್ ...

ಫೈಲ್ ಕಂಸದ ಹೊರಗಿದೆ: ಹೆಸರು ಹೇಳದೆ ಅಳಿಸಲಾಗದು. ಈಗ ಲಿನಕ್ಸ್ ಬಳಕೆದಾರರು ಕಾಣುವ ಗ್ನೂ ಪಾಠ ಬೇರೆ:

ಆರ್‌ಎಂ [ಆಪ್ಷನ್]... [ಫೈಲ್]...

ಎಲ್ಲವೂ ಕಂಸದೊಳಗೆ! ನಿಯಮದಂತೆ ಬರೀ ‘ಆರ್‌ಎಂ’ ಎಂದರೂ ಸರಿಯಾಗಬೇಕು. ಹಾಗೆ ಟೈಪ್ ಮಾಡಿದರೆ, ಫೈಲ್ ಹೆಸರಿಲ್ಲವೆಂದು ಗದರುತ್ತದೆ. ಕಂಸ ಪೂರ್ತಿ ಸುಳ್ಳೂ ಅಲ್ಲ. ‘-ಎಫ್’ ಜೊತೆಗಿದ್ದರೆ ಹೆಸರಿಲ್ಲದಿದ್ದರೂ ಆದೇಶ ಸದ್ದಿಲ್ಲದೆ ಮುಗಿಯುತ್ತದೆ. ಆ ಒಂದು ಅಪವಾದಕ್ಕಾಗಿ ಇಡೀ ನಿಯಮವನ್ನೇ ಸಡಿಲಿಸಲಾಗಿದೆ. ಪೋಸಿಕ್ಸ್ ಮಾನದಂಡದ ಈಚಿನ ಆವೃತ್ತಿಗಳು ಇದನ್ನು ಎರಡು ಸಾಲಾಗಿ ಒಡೆದಿವೆ: ‘-ಎಫ್’ ಇದ್ದಾಗ ಫೈಲ್ ಐಚ್ಛಿಕ, ಇಲ್ಲದಾಗ ಕಡ್ಡಾಯ. ಒಂದು ಸಾಲು ಹೆಚ್ಚಾಯಿತು, ಗೊಂದಲ ಹೋಯಿತು.

ಗ್ನೂ ಪಾಠದ ಮೇಲೆ ಇನ್ನೂ ಒಂದು ಆಕ್ಷೇಪವಿದೆ. ‘-ಐ’ ಅಳಿಸುವ ಮುನ್ನ ಕೇಳುತ್ತದೆ, ‘-ಎಫ್’ ಕೇಳುವುದೇ ಇಲ್ಲ. ಹಳೆಯ ಸಾಲಿನಲ್ಲಿ ಈ ವಿರೋಧಿಗಳು ಒಂದೇ ಕಂಸದಲ್ಲಿ ಮೈತಾಗಿಸಿಕೊಂಡು ಕೂತಿದ್ದರೂ ಕಣ್ಣಿಗಂತೂ ಬೀಳುತ್ತಿದ್ದವು. ಹೊಸದರಲ್ಲಿ ‘ಆಪ್ಷನ್’ ಎಂಬ ಒಂದೇ ಪದ ಇಬ್ಬರನ್ನೂ ನುಂಗಿದೆ. ಆಯ್ಕೆಗಳ ಪಟ್ಟಿ ಬೆಳೆದಾಗ ಸಾಲು ಚಿಕ್ಕದಾಗಿರಲೆಂಬ ಆಸೆ ಸಹಜವೇ. ಆದರೆ ಕಸದ ಬುಟ್ಟಿಗೂ ಹಾಕದೆ ನೇರವಾಗಿ ಅಳಿಸುವ ಆದೇಶವಿದು. ಇದನ್ನು ಒಬ್ಬರೇ ಕೂತು ಕಲಿಯುವವರಿಗೆ ಆ ಸಾಲೇ ಮೇಷ್ಟ್ರು.

ಸಂಕ್ಷೇಪ ಒಳ್ಳೆಯ ಗುಣವೇ. ಆದರೆ ಕೈಬಿಟ್ಟದ್ದನ್ನು ಓದುಗ ತಾನೇ ತುಂಬಿಕೊಳ್ಳುವಂತಿರಬೇಕು. ಏಳನೇ ಆವೃತ್ತಿಯ ಸಾಲು ಆ ಪರೀಕ್ಷೆಯಲ್ಲಿ ಬಹುಪಾಲು ಗೆಲ್ಲುತ್ತದೆ, ಪೋಸಿಕ್ಸ್ ಪೂರ್ತಿ ಗೆಲ್ಲುತ್ತದೆ. ನಾವು ದಿನವೂ ಓದುವ ಸಾಲೇ ಸೋಲುತ್ತದೆ.